ಮ್ಯಾನ್‌ಹಟನ್ ಕೆಡುವುದು ವಿಸ್ಕಿಯಿಂದಲ್ಲ

ಪ್ರಶ್ನೆ: ರೈ ಎಂಬ ಧಾನ್ಯದಿಂದ ಮಾಡಿದ ಒಳ್ಳೆಯ ರೈ ವಿಸ್ಕಿ ತಂದು ಮನೆಯಲ್ಲೇ ಮ್ಯಾನ್‌ಹಟನ್ ಕಾಕ್‌ಟೇಲ್ ಮಾಡಿದೆ. 60 ಮಿ.ಲೀ. ರೈ, 30 ಮಿ.ಲೀ. ಸಿಹಿ ವರ್ಮೂತ್, ಎರಡು ಹನಿ ಬಿಟರ್ಸ್ (ಗಿಡಮೂಲಿಕೆಗಳ ಕಹಿ ಸಾರ). ಎಲ್ಲವನ್ನೂ ಐಸ್ ಜೊತೆ ಶೇಕರ್‌ಗೆ ಹಾಕಿ ಚೆನ್ನಾಗಿ ಕುಲುಕಿ ಸೋಸಿದೆ. ಬಾರ್‌ನಲ್ಲಿ ಕುಡಿದದ್ದು ಕೆಂಪಗೆ ಹೊಳೆಯುತ್ತಿತ್ತು, ನುಣುಪಾಗಿ ಗಂಟಲಿಗೆ ಇಳಿಯುತ್ತಿತ್ತು. ನನ್ನದು ಮಸುಕಾಗಿತ್ತು, ಮೇಲೆ ನೊರೆ ಇತ್ತು. ಮೊದಲ ಗುಟುಕು ಘಾಟು, ಕೊನೆಯ ಗುಟುಕು ಸಪ್ಪೆ. ವರ್ಮೂತ್ ಬಾಟಲಿ ತೆರೆದು ಕೆಲವು ತಿಂಗಳಾಗಿದೆ, ಕಪಾಟಿನಲ್ಲಿದೆ. ಇನ್ನೂ ದುಬಾರಿ ರೈ ತರಬೇಕಾ? ಮುಂದಿನ ವಾರ ಆರು ಜನ ಸ್ನೇಹಿತರಿಗೆ ಇದನ್ನೇ ಕೊಡಬೇಕು ಅಂತಿದ್ದೇನೆ.

ಉತ್ತರ: ಇನ್ನೊಂದು ರೈ ತರಬೇಡಿ. ನಿಮ್ಮ ಹತ್ತಿರ ಇರುವುದೇ ಸಾಕು. ಮ್ಯಾನ್‌ಹಟನ್‌ನಲ್ಲಿ ವಿಸ್ಕಿಯದ್ದೇ ದೊಡ್ಡ ಪಾಲು, ಹಾಗಾಗಿ ಎಲ್ಲರ ಕಣ್ಣೂ ಅದರ ಮೇಲೇ ಇರುತ್ತದೆ. ಆದರೆ ಇದನ್ನು ಎತ್ತುವುದೂ ಬೀಳಿಸುವುದೂ ವಿಸ್ಕಿಯಲ್ಲದ ಬೇರೆ ಎರಡು ಸಂಗತಿ: ವರ್ಮೂತ್ ಎಷ್ಟು ತಾಜಾ ಇದೆ, ಗ್ಲಾಸಿಗೆ ಎಷ್ಟು ನೀರು ಸೇರಿದೆ. ರೆಸಿಪಿಯಲ್ಲಿ ನೀರಿನ ಹೆಸರು ಇರುವುದಿಲ್ಲ. ಆದರೂ ನಿಮ್ಮ ಗ್ಲಾಸಿನಲ್ಲಿ ಹೆಚ್ಚುಕಡಿಮೆ ಕಾಲು ಭಾಗ ನೀರೇ ಇರಬೇಕು. ಅದು ಐಸ್ ಕರಗಿ ಬರುವ ನೀರು.

ಮೊದಲು ವರ್ಮೂತ್ ವಿಷಯ ಮುಗಿಸೋಣ. ವರ್ಮೂತ್ ಅಂದರೆ ವೈನ್. ಅದಕ್ಕೆ ಸ್ವಲ್ಪ ಸ್ಪಿರಿಟ್ ಸೇರಿಸಿ, ಮಾಚಿಪತ್ರೆಯ ಜಾತಿಯ ಕಹಿ ಗಿಡ, ಬೇರು, ತೊಗಟೆ, ಮಸಾಲೆಗಳ ಸಾರ ಬಿಟ್ಟಿರುತ್ತಾರೆ. ಮದ್ಯಾಂಶ ಸಾಮಾನ್ಯವಾಗಿ ಶೇ. 15ರಿಂದ 18. ವಿಸ್ಕಿ ತೆರೆದಿಟ್ಟರೂ ವರ್ಷಗಟ್ಟಲೆ ತಡೆಯುತ್ತದೆ, ವರ್ಮೂತ್ ತಡೆಯುವುದಿಲ್ಲ. ಬಾಟಲಿಯೊಳಗೆ ಗಾಳಿ ಹೊಕ್ಕ ದಿನದಿಂದಲೇ ಅದರ ಹಣ್ಣಿನ ಪರಿಮಳ ಇಳಿಯುತ್ತಾ ಬರುತ್ತದೆ. ಬೆಚ್ಚಗಿನ ಕಪಾಟಿನಲ್ಲಿ ಇನ್ನೂ ಬೇಗ. ಕೊನೆಗೆ ಉಳಿಯುವುದು ಮಂಕು ಸಿಹಿ, ಹಿಂದೆ ಒಂದಿಷ್ಟು ಹುಳಿ. ನಿಮ್ಮ ಬಾಟಲಿಯಿಂದ ಒಂದು ಗುಟುಕು ತಣ್ಣಗೆ ಮಾಡಿ ಸುಮ್ನೆ ಹಾಗೇ ಕುಡಿದು ನೋಡಿ. ಅದೊಂದನ್ನೇ ಖುಷಿಯಿಂದ ಕುಡಿಯಲು ಆಗದಿದ್ದರೆ ಕಾಕ್‌ಟೇಲ್‌ಗೂ ಹಾಕಬೇಡಿ. ವಿಸ್ಕಿ ಎಷ್ಟೇ ಚೆನ್ನಾಗಿದ್ದರೂ ಸತ್ತ ವರ್ಮೂತ್‌ಅನ್ನು ಎಬ್ಬಿಸಲಾರದು.

ಹೊಸ ಬಾಟಲಿ ತಂದಾಗ ಸಾಧ್ಯವಾದರೆ 375 ಮಿ.ಲೀ.ಯದ್ದು ತನ್ನಿ. ತೆರೆದ ಕೂಡಲೇ ಫ್ರಿಜ್ಜಿಗೆ ಹೋಗಬೇಕು. ಮೊದಲ ಒಂದು ತಿಂಗಳು ಚೆನ್ನಾಗಿರುತ್ತದೆ, ಎರಡು ತಿಂಗಳವರೆಗೆ ನಡೆಯುತ್ತದೆ. ಆಮೇಲೆ ಅಡುಗೆಗೆ ಬಳಸಿ.

ಯಾವ ವರ್ಮೂತ್ ಅಂದರೆ, ರೈ ಜೊತೆಗೆ ನನಗೆ ಹಿಡಿಸುವುದು ಕೊಕ್ಕಿ ವರ್ಮೂತ್ ಡಿ ಟೊರಿನೊ. ಕಿತ್ತಳೆ, ಕೋಕೋ, ಹದವಾದ ಕಹಿ ಎಲ್ಲ ಇದೆ, ಆದರೆ ವಿಸ್ಕಿಯನ್ನು ಮುಚ್ಚಿಹಾಕುವುದಿಲ್ಲ. ಕಾರ್ಪಾನೊ ಆಂಟಿಕಾ ಫಾರ್ಮುಲಾ ಬಹಳ ಹೆಸರುವಾಸಿ. ಅದರಲ್ಲಿ ವೆನಿಲಾ ಜೋರು. ಮೆತ್ತಗಿನ ರೈ ಜೊತೆಗೆ ಹಾಕಿದರೆ ಇಡೀ ಗ್ಲಾಸು ಅದರದ್ದೇ ಆಗಿಬಿಡುತ್ತದೆ. ಖಾರವಾದ, ಶೇ. 50 ಮದ್ಯಾಂಶದ ರೈ ಇದ್ದರೆ ಸರಿಹೋಗುತ್ತದೆ. ಮಾರ್ಟಿನಿ ರೊಸ್ಸೊ ಹಗುರ, ಎಲ್ಲ ಕಡೆ ಸಿಗುತ್ತದೆ. ತಾಜಾ ಮಾರ್ಟಿನಿ ರೊಸ್ಸೊ, ಹಳಸಿದ ಆಂಟಿಕಾಗಿಂತ ಎಷ್ಟೋ ಪಾಲು ಮೇಲು. ಪುಂಟ್ ಎ ಮೆಸ್ ತುಂಬಾ ಕಹಿ. ಅದನ್ನು ಬಳಸುವುದಾದರೆ ಬಿಟರ್ಸ್ ಕಡಿಮೆ ಮಾಡಿ.

ಈಗ ನೀರು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಘಾಟು, ಸಪ್ಪೆ ಎರಡರ ಮೂಲವೂ ಇಲ್ಲೇ ಇದೆ.

ಐಸ್ ಪಾನೀಯವನ್ನು ತಣ್ಣಗೆ ಮಾಡುವುದು ಮುಖ್ಯವಾಗಿ ಕರಗುವುದರಿಂದ. ಒಂದು ಗ್ರಾಂ ಐಸ್ ಕರಗಲು ಸುಮಾರು 80 ಕ್ಯಾಲರಿ ಶಾಖ ಬೇಕು. ಅದೇ ಒಂದು ಗ್ರಾಂ ಐಸ್, ಕರಗದೆ ಒಂದು ಡಿಗ್ರಿ ಬಿಸಿಯಾಗಲು ಅರ್ಧ ಕ್ಯಾಲರಿ ಸಾಕು. ಅಂದರೆ ಕರಗದ ಐಸ್‌ನಿಂದ ಬರುವ ತಂಪು ತೀರಾ ಕಡಿಮೆ. ತಂಪು ಬೇಕೆಂದರೆ ನೀರು ಬಂದೇ ಬರುತ್ತದೆ. ಲೆಕ್ಕ ಹಾಕಿ ನೋಡಿ: 90 ಮಿ.ಲೀ. ಮಿಶ್ರಣವನ್ನು ಕೋಣೆಯ ಬಿಸಿಯಿಂದ ಸೊನ್ನೆಗಿಂತ ಎರಡು ಮೂರು ಡಿಗ್ರಿ ಕೆಳಗೆ ಇಳಿಸಲು 25ರಿಂದ 30 ಗ್ರಾಂ ಐಸ್ ಕರಗಬೇಕು. ಮದ್ಯ ಬೆರೆತಿರುವುದರಿಂದ ಅದು ಸೊನ್ನೆಗಿಂತ ಕೆಳಗೆ ಹೋದರೂ ಗಡ್ಡೆ ಕಟ್ಟುವುದಿಲ್ಲ. ಆ 25-30 ಮಿ.ಲೀ. ನೀರೇ ಘಾಟನ್ನು ಇಳಿಸುವುದು, ರೈಯೊಳಗಿನ ಮಸಾಲೆ ಪರಿಮಳವನ್ನು ಬಿಚ್ಚುವುದು. ನೀರು ಕಡಿಮೆಯಾದರೆ ಮೂಗಿಗೆ ಬರಿ ಮದ್ಯ ಹೊಡೆಯುತ್ತದೆ. ಜಾಸ್ತಿಯಾದರೆ ವರ್ಮೂತ್ ತೆಳುವಾಗಿ ಬಾಯಲ್ಲಿ ಏನೂ ಉಳಿಯುವುದಿಲ್ಲ.

ಇದನ್ನು ಅಳೆಯಲು ಸುಲಭ ದಾರಿ ಇದೆ. ಸೋಸಿದ ಮೇಲೆ ಗ್ಲಾಸಿಗೆ ಹಾಕುವ ಮೊದಲು ಅಳತೆಯ ಲೋಟಕ್ಕೆ ಸುರಿಯಿರಿ. 90 ಮಿ.ಲೀ. ಹಾಕಿದ್ದು 115ರಿಂದ 120 ಆಗಿದ್ದರೆ ಸರಿ. 100 ಇದ್ದರೆ ಇನ್ನೂ ಕಲಕಬೇಕಿತ್ತು. 135 ದಾಟಿದ್ದರೆ ಐಸ್ ಒದ್ದೆಯಾಗಿತ್ತು ಅಥವಾ ಚೂರುಚೂರಾಗಿತ್ತು. ಎರಡು ಮೂರು ಸಲ ಹೀಗೆ ಅಳೆದರೆ ಕೈಗೆ ಅಂದಾಜು ಸಿಗುತ್ತದೆ, ಆಮೇಲೆ ಅಳತೆ ಬೇಡ.

ವಿಸ್ಕಿ ಬಾಟಲಿಯನ್ನು ಫ್ರೀಜರ್‌ನಲ್ಲಿಟ್ಟು ಆಮೇಲೆ ಐಸ್ ಜೊತೆ ಕಲಕುವವರು ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲೇ ತಣ್ಣಗಿರುವ ವಿಸ್ಕಿ ಐಸನ್ನು ಬೇಕಾದಷ್ಟು ಕರಗಿಸುವುದಿಲ್ಲ. ಗ್ಲಾಸು ಮಂಜು ಹಿಡಿದಂತೆ ಕಾಣುತ್ತದೆ, ಕುಡಿದರೆ ಗಂಟಲು ಸುಡುತ್ತದೆ. ಫ್ರೀಜರ್‌ನಲ್ಲಿ ಇರಬೇಕಾದ್ದು ಗ್ಲಾಸು. ವಿಸ್ಕಿ ಹೊರಗೇ ಇರಲಿ.

ಇನ್ನು ಕುಲುಕುವುದು. ಶೇಕರ್‌ನಲ್ಲಿ ಕುಲುಕಿದಾಗ ಐಸಿನ ಮೂಲೆಗಳು ಒಡೆದು ಸಣ್ಣ ಚೂರುಗಳಾಗುತ್ತವೆ, ಗಾಳಿಯ ಗುಳ್ಳೆಗಳು ಸೇರುತ್ತವೆ. ನಿಂಬೆರಸ, ಹಣ್ಣಿನ ರಸ, ಮೊಟ್ಟೆಯ ಬಿಳಿ ಇರುವ ಕಾಕ್‌ಟೇಲ್‌ಗೆ ಅದು ಬೇಕು. ಅಲ್ಲಿ ಗಾಳಿಯೇ ಹಗುರತನ ಕೊಡುವುದು. ಇಲ್ಲಿ ರಸ ಇಲ್ಲ. ವಿಸ್ಕಿ, ವರ್ಮೂತ್, ಬಿಟರ್ಸ್ ಮೂರೂ ತಿಳಿಯಾದವು. ಗಾಳಿ ತುಂಬಿದರೆ ಬಣ್ಣ ಮಸುಕಾಗುತ್ತದೆ, ಆ ದಪ್ಪ ನುಣುಪು ಹೋಗುತ್ತದೆ. ಸೋಸುವಾಗ ಜಾರಿ ಬಂದ ಐಸ್ ಚೂರುಗಳು ಗ್ಲಾಸಿನಲ್ಲಿ ಕರಗುತ್ತಾ ಇರುತ್ತವೆ. ನಿಮ್ಮ ಕೊನೆಯ ಗುಟುಕು ಸಪ್ಪೆಯಾದದ್ದು ಇದರಿಂದಲೇ. ಗ್ಲಾಸು ತಣ್ಣಗಿರದಿದ್ದರೆ ಅದೂ ಸೇರಿಕೊಳ್ಳುತ್ತದೆ, ಬೆಚ್ಚಗಾದ ಮ್ಯಾನ್‌ಹಟನ್ ಬರಿ ಸಿಹಿ.

ಬಿಟರ್ಸ್ ಬಗ್ಗೆ ಒಂದು ಮಾತು. ಎರಡು ಹನಿ ಹಾಕಿದೆ ಅಂದಿದ್ದೀರಿ. ನಿಜವಾಗಿಯೂ ಎರಡೇ ಹನಿ ಹಾಕಿದ್ದರೆ ಅದು ಏನೇನೂ ಸಾಲದು. ರೆಸಿಪಿಯಲ್ಲಿ ಹೇಳುವುದು ಡ್ಯಾಶ್ ಲೆಕ್ಕ. ಡ್ಯಾಶ್ ಅಂದರೆ ಬಾಟಲಿಯನ್ನು ತಲೆಕೆಳಗೆ ಮಾಡಿ ಒಮ್ಮೆ ಜೋರಾಗಿ ಒದರಿದಾಗ ಬೀಳುವಷ್ಟು. ಅದರಲ್ಲಿ ಎಷ್ಟೋ ಹನಿಗಳಿರುತ್ತವೆ, ಒಂದು ಮಿ.ಲೀ.ಗೆ ಸ್ವಲ್ಪ ಕಡಿಮೆ. ಅಂಥ ಎರಡು ಬೇಕು. ಬಾಟಲಿ ಹೊಸದಾಗಿ ತುಂಬಿದ್ದಾಗ ಕಡಿಮೆ ಬೀಳುತ್ತದೆ, ಖಾಲಿಯಾಗುತ್ತಾ ಬಂದಂತೆ ಜಾಸ್ತಿ ಬೀಳುತ್ತದೆ, ಗಮನವಿರಲಿ. ಆಂಗೊಸ್ಟುರಾ ಇದ್ದರೆ ಸಾಕು. ಯೋಹಾನ್ ಸೀಗರ್ಟ್ ಎಂಬ ಜರ್ಮನ್ ವೈದ್ಯ 1824ರಲ್ಲಿ ವೆನೆಜುವೆಲಾದ ಆಂಗೊಸ್ಟುರಾ ಪಟ್ಟಣದಲ್ಲಿ ಇದನ್ನು ಹೊಟ್ಟೆಯ ಔಷಧಿಯಾಗಿ ಮಾಡಿದರು. ಈಗ ಟ್ರಿನಿಡಾಡ್‌ನಲ್ಲಿ ತಯಾರಾಗುತ್ತದೆ. ಮ್ಯಾನ್‌ಹಟನ್‌ನಲ್ಲಿ ಬಿಟರ್ಸ್ ಮಾಡುವ ಕೆಲಸ ಅಡುಗೆಯಲ್ಲಿ ಉಪ್ಪು ಮಾಡುವ ಕೆಲಸ. ಅದರ ರುಚಿ ಬೇರೆಯಾಗಿ ಗೊತ್ತಾಗಬಾರದು, ಆದರೆ ಇಲ್ಲದಿದ್ದರೆ ವಿಸ್ಕಿ ಒಂದು ಕಡೆ, ವರ್ಮೂತ್ ಒಂದು ಕಡೆ ನಿಲ್ಲುತ್ತವೆ.

ರೈ ಬಗ್ಗೆ ನೀವು ಕೇಳಿದ್ದಕ್ಕೆ ಬರುತ್ತೇನೆ. ಅಮೆರಿಕದ ಕಾನೂನಿನ ಪ್ರಕಾರ ರೈ ವಿಸ್ಕಿ ಅನ್ನಬೇಕಾದರೆ ಕಾಳಿನ ಮಿಶ್ರಣದಲ್ಲಿ ಕನಿಷ್ಠ ಶೇ. 51 ರೈ ಇರಬೇಕು, ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲಿ ಇಡಬೇಕು. ಈ 51ರ ಆಸುಪಾಸಿನಲ್ಲೇ ಇರುವ ರೈಗಳಲ್ಲಿ ಮೆಕ್ಕೆಜೋಳದ ಪಾಲೂ ದೊಡ್ಡದಿರುತ್ತದೆ. ಅವು ರುಚಿಯಲ್ಲಿ ಮೆತ್ತಗೆ, ಸ್ವಲ್ಪ ಸಿಹಿ. ರಿಟನ್‌ಹೌಸ್, ವೈಲ್ಡ್ ಟರ್ಕಿ ಈ ಗುಂಪಿನವು. ಬುಲೆಟ್ ರೈಯಲ್ಲಿ ಶೇ. 95 ರೈ. ಅಲ್ಲಿ ಮೆಣಸು, ಸೋಂಪು, ಪುದೀನದಂಥ ಹಸಿ ವಾಸನೆ ಎದ್ದು ಬರುತ್ತದೆ. ಎರಡರಲ್ಲೂ ಒಳ್ಳೆಯ ಮ್ಯಾನ್‌ಹಟನ್ ಆಗುತ್ತದೆ. ಲೇಬಲ್ ಮೇಲೆ ನೀವು ನೋಡಬೇಕಾದ್ದು ಮದ್ಯಾಂಶ. ಶೇ. 45ರಿಂದ 50 ಇದ್ದರೆ ವರ್ಮೂತ್ ಮತ್ತು ನೀರು ಸೇರಿದ ಮೇಲೂ ರೈ ತಲೆ ಎತ್ತಿ ನಿಲ್ಲುತ್ತದೆ. ರಿಟನ್‌ಹೌಸ್ ಶೇ. 50, ಬುಲೆಟ್ ಶೇ. 45. ಶೇ. 40ರದ್ದಾದರೆ ವರ್ಮೂತ್ 30ರ ಬದಲು 20-25 ಮಿ.ಲೀ. ಹಾಕಿ, ಕಲಕುವ ಹೊತ್ತನ್ನೂ ಸ್ವಲ್ಪ ಕಡಿಮೆ ಮಾಡಿ. ಬಾಟಲಿ ಕೆನಡಾದ್ದಾದರೆ ಒಂದು ಎಚ್ಚರ: ಅಲ್ಲಿ ರೈ ಅಂತ ಬರೆಯಲು ರೈ ಕಾಳೇ ಹೆಚ್ಚಿರಬೇಕು ಎಂಬ ನಿಯಮ ಇಲ್ಲ. ಕೆಲವು ಅಪ್ಪಟ ರೈ, ಇನ್ನು ಕೆಲವು ಬಹಳ ಹಗುರ. ರುಚಿ ನೋಡಿಯೇ ನಿರ್ಧರಿಸಿ.

ಬರ್ಬನ್ (ಮೆಕ್ಕೆಜೋಳವೇ ಹೆಚ್ಚಿರುವ ಅಮೆರಿಕದ ವಿಸ್ಕಿ) ಹಾಕಿದರೆ ತಪ್ಪೇ ಅಂತ ತುಂಬಾ ಜನ ಕೇಳುತ್ತಾರೆ. ತಪ್ಪಲ್ಲ. ಆದರೆ ಬರ್ಬನ್ ತಾನೇ ಸಿಹಿ, ವರ್ಮೂತ್ ಕೂಡ ಸಿಹಿ. ಯುರೋಪಿನ ನಿಯಮದಂತೆ ಸಿಹಿ ವರ್ಮೂತ್‌ನಲ್ಲಿ ಲೀಟರಿಗೆ ಕನಿಷ್ಠ 130 ಗ್ರಾಂ ಸಕ್ಕರೆ ಇರುತ್ತದೆ. ಅಷ್ಟು ಸಿಹಿಯನ್ನು ಹಿಡಿದು ನಿಲ್ಲಿಸಲು ರೈಯ ಖಾರ, ಒಣ ಗುಣ ಬೇಕು. ಈ ಕಾಕ್‌ಟೇಲ್ ನ್ಯೂಯಾರ್ಕ್‌ನಲ್ಲಿ ಹುಟ್ಟಿ 1880ರ ದಶಕದಲ್ಲಿ ಪುಸ್ತಕಗಳಿಗೆ ಬಂದಾಗ ಅಮೆರಿಕದ ಪೂರ್ವ ಭಾಗದಲ್ಲಿ ಎಲ್ಲರೂ ಕುಡಿಯುತ್ತಿದ್ದದ್ದು ರೈಯನ್ನೇ. ಪೆನ್ಸಿಲ್ವೇನಿಯಾ, ಮೇರಿಲ್ಯಾಂಡ್ ಅದರ ತವರು. 1920ರಿಂದ 1933ರವರೆಗಿನ ಪಾನನಿಷೇಧ ಆ ಕಾರ್ಖಾನೆಗಳನ್ನು ನೆಲ ಕಚ್ಚಿಸಿತು. ನಿಷೇಧ ಹೋದ ಮೇಲೂ ರೈ ಹಳೆಯ ಜಾಗಕ್ಕೆ ಬರಲಿಲ್ಲ. ಮ್ಯಾನ್‌ಹಟನ್‌ಗೆ ಕೆನಡಾದ ವಿಸ್ಕಿ ಬಂತು, ಬರ್ಬನ್ ಬಂತು. ಅದೇ ರೂಢಿಯಾಯಿತು. ಈ ಶತಮಾನದಲ್ಲಿ ಮತ್ತೆ ರೈ ಮರಳಿದೆ. ನನಗಂತೂ ಅದು ನ್ಯಾಯ ಅನಿಸುತ್ತದೆ.

ಹುಟ್ಟಿನ ಕಥೆಯೊಂದನ್ನು ಯಾರಾದರೂ ನಿಮ್ಮ ಸ್ನೇಹಿತರು ಹೇಳಬಹುದು. ವಿನ್‌ಸ್ಟನ್ ಚರ್ಚಿಲ್ ಅವರ ತಾಯಿ ಜೆನ್ನಿ ಜೆರೋಮ್ 1874ರಲ್ಲಿ ನ್ಯೂಯಾರ್ಕಿನ ಮ್ಯಾನ್‌ಹಟನ್ ಕ್ಲಬ್‌ನಲ್ಲಿ ಕೊಟ್ಟ ಔತಣದಲ್ಲಿ ಇದು ಹುಟ್ಟಿತು ಅಂತ. ಆದರೆ ಆ ನವೆಂಬರ್ 30ರಂದು ಚರ್ಚಿಲ್ ಹುಟ್ಟಿದ್ದು ಇಂಗ್ಲೆಂಡಿನ ಬ್ಲೆನ್‌ಹೈಮ್ ಅರಮನೆಯಲ್ಲಿ. ಔತಣ ನಡೆಯಿತು ಅನ್ನುವ ಹೊತ್ತಿಗೆ ತಾಯಿ ಇದ್ದದ್ದು ಇಂಗ್ಲೆಂಡಿನಲ್ಲಿ. ಆ ಕಥೆ ಬಿಟ್ಟುಬಿಡಿ.

ಸರಿ, ಈಗ ಮಾಡುವ ಕ್ರಮ. ಗ್ಲಾಸನ್ನು ಅರ್ಧ ಗಂಟೆ ಮೊದಲೇ ಫ್ರೀಜರ್‌ನಲ್ಲಿಡಿ. ಕಾಲಿರುವ, 150 ಮಿ.ಲೀ. ಹಿಡಿಸುವ ಸಣ್ಣ ಗ್ಲಾಸಾಗಲಿ. ದೊಡ್ಡ ಮಾರ್ಟಿನಿ ಗ್ಲಾಸಿನಲ್ಲಿ ಇದು ತಳದಲ್ಲಿ ಕಾಣದಂತೆ ಕೂರುತ್ತದೆ, ಬೇಗ ಬೆಚ್ಚಗೂ ಆಗುತ್ತದೆ. ಕಲಕಲು ಬಾರ್‌ನ ವಿಶೇಷ ಪಾತ್ರೆಯೇ ಬೇಕು ಅಂತಿಲ್ಲ, ದಪ್ಪ ತಳದ ಎತ್ತರದ ಲೋಟ ಆದೀತು. ಅದಕ್ಕೆ 60 ರೈ, 30 ವರ್ಮೂತ್, ಎರಡು ಡ್ಯಾಶ್ ಬಿಟರ್ಸ್ ಹಾಕಿ. ಕಣ್ಣಂದಾಜು ಬೇಡ, ಅಳೆದೇ ಹಾಕಿ. ವರ್ಮೂತ್ 5 ಮಿ.ಲೀ. ಆಚೀಚೆ ಆದರೂ ನಾಲಿಗೆಗೆ ತಿಳಿಯುತ್ತದೆ.

ಐಸ್ ಕೊನೆಗೆ ಹಾಕಿ. ಫ್ರೀಜರ್‌ನಿಂದ ಆಗಷ್ಟೇ ತೆಗೆದ, ಮೇಲೆ ನೀರು ಪಸೆ ಇಲ್ಲದ ದೊಡ್ಡ ತುಂಡುಗಳು. ಐಸು ಮಿಶ್ರಣದ ಮಟ್ಟಕ್ಕಿಂತ ಮೇಲಕ್ಕೆ ಬರುವಷ್ಟು ತುಂಬಿ. ಎರಡು ಮೂರು ತುಂಡು ಹಾಕಿ ಉಳಿಸುವುದು ಬೇಡ. ಕಡಿಮೆ ಐಸ್ ಹಾಕಿದರೆ ನೀರು ಕಡಿಮೆ ಬರುತ್ತದೆ ಅಂತ ಅನಿಸಬಹುದು. ಆಗುವುದು ಬೇರೆ: ಆ ಕೆಲವೇ ತುಂಡು ಬೇಗ ಕುಗ್ಗಿ ತೇಲುತ್ತವೆ, ಪಾನೀಯ ತಣ್ಣಗಾಗಲು ತಡವಾಗುತ್ತದೆ, ಎಷ್ಟು ಕಲಕಬೇಕು ಎಂಬ ಹಿಡಿತ ತಪ್ಪುತ್ತದೆ. ಫ್ರೀಜರ್‌ನ ಐಸಿಗೆ ಅಲ್ಲಿನ ವಾಸನೆ ಬೇಗ ಅಂಟುತ್ತದೆ. ಅದನ್ನು ಮುಚ್ಚಳದ ಡಬ್ಬಿಯಲ್ಲಿ ಬೇರೆ ಇಡಿ.

ಉದ್ದ ಹಿಡಿಯ ಚಮಚದ ಬೆನ್ನನ್ನು ಲೋಟದ ಒಳಗೋಡೆಗೆ ಆನಿಸಿ, ಐಸ್ ಎಲ್ಲವೂ ಒಂದೇ ಗುಂಪಾಗಿ ಸುತ್ತುವಂತೆ ನಿಧಾನ ತಿರುಗಿಸಿ. ಕಟಕಟ ಸದ್ದು ಬರಬಾರದು. ಸುಮಾರು 30 ಸೆಕೆಂಡು. ಹದಿನೈದು ಸೆಕೆಂಡಿಗೆ ಒಮ್ಮೆ, ಮುಗಿಯುವಾಗ ಒಮ್ಮೆ ಚಮಚದ ತುದಿಯಿಂದ ರುಚಿ ನೋಡಿ. ಮೊದಲ ಸಲ ಮದ್ಯ ಚುಚ್ಚುತ್ತದೆ. ಎರಡನೆಯ ಸಲ ಅದೇ ಚುಚ್ಚು ಕರಗಿ ಮಸಾಲೆಯಾಗಿರುತ್ತದೆ. ಅಲ್ಲಿ ನಿಲ್ಲಿಸಿ, ಕೂಡಲೇ ಸೋಸಿ. ಐಸಿನ ಮೇಲೆ ಹಾಗೇ ಬಿಟ್ಟು ಮಾತಿಗೆ ಕೂತರೆ ಮಾಡಿದ ಕೆಲಸ ಹಾಳು.

ಮೇಲಿನ ಅಲಂಕಾರವೂ ರುಚಿಯ ಭಾಗವೇ. ಕಪ್ಪು ಕೆಂಪು ಬಣ್ಣದ, ಗಟ್ಟಿ ಪಾಕದಲ್ಲಿ ನೆನೆದ ಮರಾಸ್ಕಿನೊ ಚೆರ್ರಿ ಒಳ್ಳೆಯದು, ಲುಕ್ಸಾರ್ಡೊ ಅವರದ್ದು ಸಿಕ್ಕರೆ ಅದೇ. ಕಣ್ಣು ಕುಕ್ಕುವ ಕೆಂಪಿನ ಚೆರ್ರಿಗಿಂತ ಏನೂ ಇಲ್ಲದಿರುವುದೇ ವಾಸಿ. ಪಾಕ ಚೆನ್ನಾಗಿ ಸೋರಿಸಿ ಹಾಕಿ, ಅದು ಗ್ಲಾಸಿನ ತಳಕ್ಕಿಳಿದರೆ ಕೊನೆಯ ಗುಟುಕು ಬರಿ ಸಕ್ಕರೆ. ನಾನು ಚೆರ್ರಿ ಜೊತೆಗೆ ನಿಂಬೆಯ ಸಿಪ್ಪೆಯನ್ನೂ ಬಳಸುತ್ತೇನೆ. ಬಿಳಿ ಪದರ ಬಾರದಂತೆ ತೆಳುವಾಗಿ ಹೆರೆದು, ಗ್ಲಾಸಿನ ಮೇಲೆ ಹಿಡಿದು ಮಡಚಿ ಹಿಂಡಿದರೆ ಎಣ್ಣೆ ಮಂಜಿನಂತೆ ಸಿಡಿಯುತ್ತದೆ. ಆಮೇಲೆ ಸಿಪ್ಪೆ ಎಸೆಯಿರಿ. ಬುಲೆಟ್‌ನಂಥ ಖಾರದ ರೈಗೆ ನಿಂಬೆ, ಮೆತ್ತಗಿನ ರೈಗೆ ಕಿತ್ತಳೆ ಸಿಪ್ಪೆ ಹೊಂದುತ್ತದೆ.

ಇನ್ನು ನಿಮ್ಮ ಆರು ಜನ. ಒಬ್ಬೊಬ್ಬರಿಗೂ ಕಲಕುತ್ತಾ ನಿಂತರೆ ನೀವು ಮಾತಿಗೆ ಸಿಗುವುದೇ ಇಲ್ಲ. ಹಿಂದಿನ ದಿನವೇ ಬಾಟಲಿಯಲ್ಲಿ ಮಾಡಿಡಿ. ಇದಕ್ಕೆ ಮ್ಯಾನ್‌ಹಟನ್‌ನಷ್ಟು ಒಗ್ಗುವ ಕಾಕ್‌ಟೇಲ್ ಕಡಿಮೆ, ಯಾಕೆಂದರೆ ಕೆಡುವ ರಸ ಇದರಲ್ಲಿಲ್ಲ. 360 ಮಿ.ಲೀ. ರೈ, 180 ವರ್ಮೂತ್, 10 ಮಿ.ಲೀ. ಬಿಟರ್ಸ್, 150 ಮಿ.ಲೀ. ಕುಡಿಯುವ ನೀರು. ಒಟ್ಟು 700 ಮಿ.ಲೀ., ಒಂದು ಖಾಲಿ ವಿಸ್ಕಿ ಬಾಟಲಿಯಲ್ಲಿ ಹಿಡಿಯುತ್ತದೆ. ಆ 150 ಮಿ.ಲೀ. ನೀರು ಐಸ್ ಕರಗಿ ಬರಬೇಕಾದದ್ದು, ಈಗ ನೀವೇ ಹಾಕಿದ್ದೀರಿ, ಅಷ್ಟೇ. ಹಾಗಾಗಿ ಇದನ್ನು ಮತ್ತೆ ಐಸ್ ಜೊತೆ ಕಲಕಬಾರದು. ರಾತ್ರಿ ಫ್ರಿಜ್‌ನಲ್ಲಿಡಿ, ಬಡಿಸುವ ಎರಡು ಗಂಟೆ ಮೊದಲು ಫ್ರೀಜರ್‌ಗೆ ಹಾಕಿ. ಇಡೀ ರಾತ್ರಿ ಫ್ರೀಜರ್‌ನಲ್ಲೇ ಬಿಡಬೇಡಿ. ನೀರು ಸೇರಿದ ಮೇಲೆ ಮದ್ಯಾಂಶ ಶೇ. 30ರ ಹತ್ತಿರ ಇರುತ್ತದೆ, ಮನೆಯ ಫ್ರೀಜರ್‌ನ ಮೈನಸ್ 18 ಡಿಗ್ರಿಯಲ್ಲಿ ಅರೆಬರೆ ಗಡ್ಡೆ ಕಟ್ಟಬಹುದು. ರುಚಿ ನೋಡಿ ತಿದ್ದುವುದಿದ್ದರೆ ತಣ್ಣಗಾದ ಮೇಲೆಯೇ ನೋಡಿ. ಬೆಚ್ಚಗಿದ್ದಾಗ ಎಲ್ಲ ಸಿಹಿಯಾಗಿಯೂ ಜೋರಾಗಿಯೂ ಅನಿಸುತ್ತದೆ.

ಒಂದು ಗ್ಲಾಸು ಎಷ್ಟು ಬಲದ್ದು ಅಂತ ಬಂದವರಿಗೆ ಮೊದಲೇ ಹೇಳಿ. ಶೇ. 50ರ ರೈ 60 ಮಿ.ಲೀ., ಜೊತೆಗೆ 30 ವರ್ಮೂತ್ ಸೇರಿದರೆ ಸುಮಾರು 27 ಗ್ರಾಂ ಮದ್ಯ. ಅಮೆರಿಕದ ಲೆಕ್ಕದಲ್ಲಿ ಒಂದು ಡ್ರಿಂಕ್ ಅಂದರೆ 14 ಗ್ರಾಂ. ಅಂದರೆ ಒಂದು ಮ್ಯಾನ್‌ಹಟನ್, ಹೆಚ್ಚುಕಡಿಮೆ ಎರಡು ಡ್ರಿಂಕ್‌ಗೆ ಸಮ. ಸಿಹಿ ಇರುವುದರಿಂದ ಕುಡಿಯುವಾಗ ಅದು ಗೊತ್ತಾಗುವುದಿಲ್ಲ. ಗಾಡಿ ಓಡಿಸುವವರಿಗೆ, ಔಷಧಿ ತೆಗೆದುಕೊಳ್ಳುತ್ತಿರುವವರಿಗೆ ಒತ್ತಾಯ ಬೇಡವೇ ಬೇಡ. ಮದ್ಯವಿಲ್ಲದ್ದೊಂದನ್ನು ಅಷ್ಟೇ ಮುತುವರ್ಜಿಯಿಂದ, ಅಂಥದ್ದೇ ಗ್ಲಾಸಿನಲ್ಲಿ ಕೊಡಿ. ಮೇಜಿನ ಮೇಲೆ ಏನಾದರೂ ಉಪ್ಪಿನ ತಿನಿಸು, ದೊಡ್ಡ ಜಗ್ಗಿನಲ್ಲಿ ನೀರು ಇರಲಿ.

ನನ್ನನ್ನು ಕೇಳಿದರೆ ಪೂರ್ತಿ ಅಳತೆಯ ಆರು ಗ್ಲಾಸು ಸುರಿಯಬೇಡಿ. ಒಬ್ಬೊಬ್ಬರಿಗೆ 80 ಮಿ.ಲೀ. ಆಸುಪಾಸು ಹಾಕಿ. ಅಷ್ಟನ್ನು ತಣ್ಣಗಿರುವಾಗಲೇ ಕುಡಿದು ಮುಗಿಸಬಹುದು, ಬೆಚ್ಚಗಾದ ಅರ್ಧ ಗ್ಲಾಸು ಯಾರ ಕೈಯಲ್ಲೂ ಉಳಿಯುವುದಿಲ್ಲ. ಬಾಟಲಿಯಲ್ಲಿ ಮಿಕ್ಕಿದ್ದಕ್ಕೆ ಮುಚ್ಚಳ ಬಿಗಿಮಾಡಿ ಫ್ರಿಜ್ಜಿಗೆ ವಾಪಸ್ ಇಡಿ. ವರ್ಮೂತ್ ಒಳಗಿದೆ, ಹಾಗಾಗಿ ಒಂದೆರಡು ವಾರದಲ್ಲಿ ಮುಗಿಸಿದರೆ ಒಳ್ಳೆಯದು.